ಸ್ವಲ್ಪ ಸೀರಿಯಸ್ ಅಂತೆ

ಗಲ್ಫಿನಲ್ಲಿರುವ ನಮ್ಮ ಕರಾವಳಿಯವರಿಗೆ ಊರಿನಿಂದ ಸಾವಿನ ಸುದ್ದಿ ಬರುವುದಿಲ್ಲ. ಬರುವುದು ‘ಸ್ವಲ್ಪ ಸೀರಿಯಸ್ ಅಂತೆ’ ಎಂಬ ಸುದ್ದಿ ಮಾತ್ರ. ಅಪ್ಪನಿಗೆ ಸ್ವಲ್ಪ ಸೀರಿಯಸ್, ಅತ್ತೆಗೆ ಸ್ವಲ್ಪ ಸೀರಿಯಸ್, ಬೇಗ ಹೊರಟು ಬನ್ನಿ. ಹೇಳುವವನಿಗೂ ಗೊತ್ತು, ಟಿಕೆಟ್ ಮಾಡಿಕೊಡುವ ಟ್ರಾವೆಲ್ಸಿನವನಿಗೂ ಗೊತ್ತು, ಪಕ್ಕದ ಫ್ಲ್ಯಾಟಿನವರಿಗೂ ಗೊತ್ತು. ಗೊತ್ತಿಲ್ಲದಿರುವುದು ವಿಮಾನ ಹತ್ತುವವರಿಗೆ ಮಾತ್ರ. ಪಾಪ, ಅಷ್ಟು ದೂರ ಹೋಗಬೇಕಲ್ಲ, ದಾರಿಯಲ್ಲಿ ಎದೆ ಒಡೆದುಕೊಂಡರೆ ಯಾರು ನೋಡುವುದು, ಊರು ಮುಟ್ಟಿದ ಮೇಲೆ ಹೇಗೂ ಗೊತ್ತಾಗುತ್ತದಲ್ಲ ಎಂಬುದು ಅವರ ಯೋಚನೆ. ಇದಕ್ಕೆ ನಮ್ಮಲ್ಲಿ ಕರುಣೆ ಎಂದು ಹೆಸರು. ನನಗೆ ಈ ಕರುಣೆಯನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಅಪ್ಪ ತೀರಿಕೊಂಡಾಗ ನಾವು ದುಬೈಯ ಅಲ್ ಕುಸೈಸ್‌ನಲ್ಲಿದ್ದೆವು. ಸ್ವಲ್ಪ ಸೀರಿಯಸ್ ಎಂದರು, ನಂಬಿದೆ. ಮಂಗಳೂರಿನಲ್ಲಿ ಒಳ್ಳೆಯ ಡಾಕ್ಟರು ಯಾರು, ಬೆಂಗಳೂರಿಗೆ ಕರೆದೊಯ್ಯುವುದೇ ಮೇಲಾ ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ ಹೋದೆ. ಮನೆ ಮುಟ್ಟಿದಾಗ ಅಂಗಳದಲ್ಲಿ ಬಾಡಿಗೆ ಕುರ್ಚಿ ಹಾಕಿದ್ದರು. ನೆರೆಕರೆಯವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು, ಇವಳು ಈಗ ಬೀಳುತ್ತಾಳಾ, ಇನ್ನೊಂದು ಹೆಜ್ಜೆ ಇಟ್ಟ ಮೇಲೆ ಬೀಳುತ್ತಾಳಾ ಎಂದು. ಒಬ್ಬ ಹೆಂಗಸಂತೂ ನೀರಿನ ಚೊಂಬು ಹಿಡಿದು ಮೊದಲೇ ತಯಾರಾಗಿ ನಿಂತಿದ್ದಳು. ಅಪ್ಪ ಹೋದ ದುಃಖ ಒಂದು ಕಡೆ. ಇಡೀ ಊರಿಗೆ ಗೊತ್ತಿದ್ದದ್ದು ಮಗಳಾದ ನನಗೊಬ್ಬಳಿಗೆ ಗೊತ್ತಿರಲಿಲ್ಲ ಎಂಬ ಅವಮಾನ ಇನ್ನೊಂದು ಕಡೆ. ಕ್ರಿಯೆ ಎಲ್ಲ ಮುಗಿದ ಮೇಲೆ ಗಂಡನನ್ನೂ ತಮ್ಮನನ್ನೂ ಎದುರು ಕೂರಿಸಿಕೊಂಡು ಹೇಳಿದೆ:

“ನಾಳೆ ಅಮ್ಮನ ವಿಷಯದಲ್ಲಿ ಹೀಗೆ ಮಾಡಿದ್ರೆ ನಾನು ನಿಮ್ಮಿಬ್ಬರ ಮುಖ ನೋಡುವವಳಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ತಡ್ಕೊಳ್ಳುವ ಶಕ್ತಿ ನನಗುಂಟು.”

“ಆಯ್ತು ಮಾರಾಯ್ತಿ, ಹೇಳುವ,” ಎಂದರು ನನ್ನ ಗಂಡ. ತಮ್ಮ ತಲೆ ಅಲ್ಲಾಡಿಸಿದ. ಆ ತಲೆ ಅಲ್ಲಾಡಿಸುವಿಕೆಯಲ್ಲಿ ಏನೂ ಹುರುಳಿಲ್ಲವೆಂದು ನನಗೆ ಆಗಲೇ ಗೊತ್ತಾಗಿತ್ತು.

ಆಮೇಲೆ ನಾನು ಅಬುಧಾಬಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆಗಿ ಸೇರಿದೆ. ಗಂಡನ ಆಫೀಸು ದುಬೈಯ ಜೆಬೆಲ್ ಅಲಿಯಲ್ಲಿ. ವಾರವಿಡೀ ಅವರು ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಊರಿನ ಇಬ್ಬರ ಜೊತೆ ಒಂದು ಫ್ಲ್ಯಾಟಿನಲ್ಲಿರುತ್ತಿದ್ದರು, ರಜೆಗೆ ಅಬುಧಾಬಿಯ ಖಾಲಿದಿಯಾದಲ್ಲಿದ್ದ ನಮ್ಮ ಮನೆಗೆ ಬರುತ್ತಿದ್ದರು. ಮಗ ಓದಲು ಕೆನಡಾಕ್ಕೆ ಹೋಗಿದ್ದ. ಮಕ್ಕಳ ಮುಂದೆ ಕಿರುಚಿ ಕಿರುಚಿ ನನ್ನ ಗಂಟಲಿನಲ್ಲಿ ಗಂಟಾಗಿ, ಪಾಠ ಮಾಡಬಾರದು ಎಂದು ಡಾಕ್ಟರು ಹೇಳಿದ ಮೇಲೆ ಶಾಲೆ ಬಿಟ್ಟೆ. ಅದೇ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಮಹಿಳೆಯೊಬ್ಬಳು ಆಗ ನನ್ನನ್ನು ಕೇಳಿದಳು: “ನನ್ನ ಅಪ್ಪನಿಗೆ ಓದಿ ಹೇಳಿ, ಅವರು ಹೇಳಿದ್ದನ್ನು ಟೈಪ್ ಮಾಡಿಕೊಡುತ್ತೀರಾ? ಮೆಲ್ಲಗೆ ಮಾತಾಡಿದರೆ ಸಾಕು, ಅವರ ಕಿವಿ ಚುರುಕು.” ಅವಳ ಮನೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಒಪ್ಪಿಕೊಂಡೆ.

ಹಾಗೆ ಸಿಕ್ಕಿದವರು ಆ ಅಜ್ಜ. ಎದುರಿಗೆ ‘ಸರ್’ ಎನ್ನುತ್ತಿದ್ದೆ, ಮನೆಯಲ್ಲಿ ‘ಅಜ್ಜ’. ನನ್ನ ಗಂಡ ತಮಾಷೆ ಮಾಡುತ್ತಿದ್ದರು, “ಎಂತ ಹೇಳ್ತದೆ ನಿನ್ನ ಬಿಳಿ ಅಜ್ಜ?” ಎಂದು. ಅಜ್ಜನ ಕಣ್ಣಿನ ನಡುಭಾಗ ಮಸುಕಾಗಿ ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು. ಹಾಗಾಗಿ ಯಾರನ್ನಾದರೂ ನೋಡಬೇಕಾದರೆ ಅವರು ಮುಖವನ್ನು ಪಕ್ಕಕ್ಕೆ ತಿರುಗಿಸಬೇಕಿತ್ತು. ಮೊದಲ ದಿನ ನನಗೆ ಸಿಟ್ಟೇ ಬಂತು, ಇದೆಂಥ ಮನುಷ್ಯ, ಮಾತಾಡುವಾಗ ಗೋಡೆ ನೋಡುತ್ತಾರಲ್ಲ ಎಂದು. ಅವರು ಗೋಡೆ ನೋಡುವಾಗಲೇ ನನ್ನನ್ನು ಸರಿಯಾಗಿ ನೋಡುತ್ತಿದ್ದಾರೆ ಎಂದು ಅರ್ಥವಾಗಲು ಸ್ವಲ್ಪ ದಿನ ಹಿಡಿಯಿತು.

ಅವರು ಚರಿತ್ರೆಕಾರರು. ಯುದ್ಧ, ಪಟ್ಟಾಭಿಷೇಕ ಬರೆಯುವ ಚರಿತ್ರೆಕಾರರಲ್ಲ. ಇಂಗ್ಲೆಂಡಿನ ಒಂದು ಹಳ್ಳಿಯ ಕಮ್ಮಾರನ ಮಗ, ಅದೇ ಸೀಮೆಯ ಶಾಲೆಯಲ್ಲಿ ಮೇಷ್ಟ್ರು, ರಜೆ ಸಿಕ್ಕಿದಾಗಲೆಲ್ಲ ಸೈಕಲ್ ಹತ್ತಿ ಸುತ್ತಮುತ್ತಲಿನ ಹಳ್ಳಿಗಳನ್ನು ಬರೆದಿಟ್ಟವರು. ಯಾವ ಹೊಲದ ಬೇಲಿ ಎಷ್ಟು ಹಳೆಯದು, ಹಿಟ್ಟಿನ ಗಿರಣಿ ಏಕೆ ನಿಂತಿತು, ಕುರಿ ಹೊಡೆದುಕೊಂಡು ಹೋಗುವ ದಾರಿ ಯಾರ ಕಾಲದಲ್ಲಿ ಮುಚ್ಚಿತು, ಇಂಥವು. ಆಮೇಲೆ ಮನುಷ್ಯರ ಬದುಕು ಬರೆಯಲು ಶುರುಮಾಡಿದರು. ಗಿರಣಿಯವನದೊಂದು, ಅಂಚೆ ಕಚೇರಿ ನಡೆಸುತ್ತಿದ್ದ ವಿಧವೆಯದೊಂದು, ಊರಿನ ಡಾಕ್ಟರದೊಂದು. ನಮ್ಮ ಕಡೆ ಯಾರಾದರೂ ಇಂಥವರ ಬಗ್ಗೆ ಪುಸ್ತಕ ಬರೆದರೆ, ಇವನಿಗೆ ಮಾಡಲು ಬೇರೆ ಕೆಲಸ ಇಲ್ವಾ ಎಂದು ಕೇಳುತ್ತಾರೆ. ಅಲ್ಲಿಯೂ ಹಾಗೇ ಕೇಳುತ್ತಿದ್ದರಂತೆ.

ಅವರ ಪದ್ಧತಿ ವಿಚಿತ್ರ. ಯಾರ ಮನೆಗೆ ಹೋದರೂ ಮೊದಲ ಪ್ರಶ್ನೆ ಒಂದೇ: ಬೆಳಿಗ್ಗೆ ಎದ್ದು ಒಲೆ ಹಚ್ಚುತ್ತಿದ್ದವರು ಯಾರು? ಅದೊಂದು ತಿಳಿದರೆ ಆ ಮನೆಯ ಅರ್ಧ ಚರಿತ್ರೆ ತಿಳಿದ ಹಾಗೆ ಎನ್ನುತ್ತಿದ್ದರು. ನನ್ನನ್ನೂ ಕೇಳಿದರು. ಅಮ್ಮ ಎಂದೆ. ಅಪ್ಪನಿಗೆ ಜ್ವರ ಬಂದ ದಿನ? ಅಮ್ಮ. ಅಮ್ಮನಿಗೆ ಜ್ವರ ಬಂದ ದಿನ? ಆಗಲೂ ಅಮ್ಮನೇ. ಹೀಗೆ ಕೇಳಿ ಕೇಳಿ, ಒಮ್ಮೆಯೂ ನೋಡದ ನನ್ನ ಅಮ್ಮನನ್ನು ಅವರು ಚೆನ್ನಾಗಿ ಬಲ್ಲವರಾದರು. ಇನ್ನೊಂದು ಪದ್ಧತಿ, ಯಾವ ಸಂಗತಿಯನ್ನೂ ಒಬ್ಬರ ಬಾಯಿಂದ ಕೇಳಿ ಬರೆಯುವವರಲ್ಲ. ಇಬ್ಬರು ಹೇಳಬೇಕು, ಆ ಇಬ್ಬರಲ್ಲಿ ಒಬ್ಬರಾದರೂ ಸುಳ್ಳು ಹೇಳಿ ಗಿಟ್ಟಿಸಿಕೊಳ್ಳುವುದು ಏನೂ ಇಲ್ಲದವರಾಗಿರಬೇಕು.

ಡಾಕ್ಟರರ ಪುಸ್ತಕ ಅವರಿಗೆ ಮುಳುವಾಯಿತು. ಆ ಡಾಕ್ಟರು ಊರಿಗೆ ದೇವರಂಥವರು, ಬಡವರಿಗೆ ಪುಕ್ಕಟೆ ಔಷಧಿ ಕೊಟ್ಟವರು. ಅಜ್ಜ ಕೆದಕುತ್ತಾ ಹೋದಾಗ, ಅವರು ಮನೆಕೆಲಸದ ಹುಡುಗಿಯೊಬ್ಬಳನ್ನು ಬಸಿರು ಮಾಡಿ ದೂರದ ಊರಿಗೆ ಸಾಗಹಾಕಿದ್ದು ಗೊತ್ತಾಯಿತು. ಇಬ್ಬರು ಮುದುಕಿಯರು ಬೇರೆ ಬೇರೆಯಾಗಿ ಹೇಳಿದರು. ಅಜ್ಜ ಬರೆದರು. ಊರು ಅವರ ಜೊತೆ ಮಾತು ಬಿಟ್ಟಿತು. ಮಾಂಸದಂಗಡಿಯವನು ಕಾಯಿಸಿ ಕಾಯಿಸಿ ಕೊನೆಗೆ ಕೊಡುತ್ತಿದ್ದನಂತೆ, ಚರ್ಚಿನಲ್ಲಿ ಇವರ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲವಂತೆ. ಒಂದು ಸಾಲು ಬಿಟ್ಟಿದ್ದರೆ ಆಗುತ್ತಿತ್ತಲ್ಲ ಸರ್ ಎಂದು ಕೇಳಿದೆ. “ಬಿಟ್ಟಿದ್ದರೆ ಉಳಿದ ಸಾಲುಗಳನ್ನು ಯಾರು ನಂಬುತ್ತಾರೆ?” ಎಂದರು. ಅಬ್ಬ, ಎಂಥ ಮನುಷ್ಯ ಎನ್ನಿಸಿತು. ನಿಜ ಹೇಳುತ್ತೇನೆ, ನಾನು ಅವರನ್ನು ಪೂಜೆ ಮಾಡುವುದೊಂದು ಬಾಕಿ.

ಹೆಂಡತಿ ತೀರಿಕೊಂಡ ಮೇಲೆ, ಕಣ್ಣೂ ಮಂಜಾದಾಗ, ಮಗಳು ಅವರನ್ನು ಅಬುಧಾಬಿಗೆ ಕರೆಸಿಕೊಂಡಿದ್ದಳು. ನಾನು ಹೋಗುತ್ತಿದ್ದ ಸಮಯದಲ್ಲಿ ಅವರು ಹೇಳಿ ಬರೆಸುತ್ತಿದ್ದದ್ದು ಅವರದೇ ಬದುಕು. ಊರವರದ್ದೆಲ್ಲ ಬರೆದಿರಿ, ನಿಮ್ಮದನ್ನು ಯಾರು ಬರೆಯುತ್ತಾರೆ ಎಂದು ಮಗಳು ಹಠ ಹಿಡಿದಿದ್ದಳು. ಕಿಟಕಿಯ ಹೊರಗೆ ಏಸಿಗಳ ಗುಂಯ್‌ ಸದ್ದು, ಕೆಳಗೆ ಕೆಫೆಟೇರಿಯಾದ ಮುಂದೆ ಕಾರಿನಲ್ಲೇ ಕುಳಿತು ಚಹಾಕ್ಕಾಗಿ ಹಾರ್ನ್ ಹೊಡೆಯುವವರು. ಒಳಗೆ ನಾವಿಬ್ಬರು, ಕಮ್ಮಾರನ ಕುಲುಮೆ, ಹಿಮ ಬಿದ್ದ ಹೊಲ, ಸೈಕಲ್ಲಿನ ಪಂಕ್ಚರು.

ಆ ವರ್ಷ ಅಮ್ಮನ ಕಿಡ್ನಿ ಕೈಕೊಟ್ಟಿತು. ಉಡುಪಿಯಲ್ಲಿ ತಮ್ಮನ ಮನೆಯಲ್ಲಿದ್ದಳು, ವಾರವಾರ ಡಯಾಲಿಸಿಸ್. ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದರೆ ಫೋನನ್ನು ಹೇಗೆ ಹಿಡಿಯಬೇಕೆಂದು ಗೊತ್ತಾಗದೆ ಹಣೆ ಮಾತ್ರ ತೋರಿಸುತ್ತಿದ್ದಳು. ಆ ಹಣೆಯನ್ನೇ ನೋಡಿ ಇವತ್ತು ಹೇಗಿದ್ದಾಳೆ ಎಂದು ಲೆಕ್ಕ ಹಾಕುತ್ತಿದ್ದೆ. ನನ್ನ ಭಯ ಅಮ್ಮ ಸಾಯುತ್ತಾಳೆಂಬುದಲ್ಲ, ಸಾಯುವ ವಯಸ್ಸೇ. ನನ್ನ ಭಯ, ಆ ಸುದ್ದಿಯನ್ನು ಮತ್ತೆ ನನ್ನಿಂದ ಮುಚ್ಚಿಡುತ್ತಾರೆಂಬುದು. ಮತ್ತೆ ನಾನು ಪೆದ್ದಿಯ ಹಾಗೆ ಅಂಗಳದಲ್ಲಿ ನಿಲ್ಲಬೇಕಾಗುತ್ತದೆಂಬುದು. ಒಂದು ದಿನ ಇದನ್ನೆಲ್ಲ ಅಜ್ಜನಿಗೆ ಹೇಳಿಬಿಟ್ಟೆ. ಅಪ್ಪನ ಕತೆ ಕೇಳಿ ಅವರ ಮುಖ ಕೆಂಪಗಾಯಿತು.

“ಇದು ಕರುಣೆಯಲ್ಲ, ಕಳ್ಳತನ. ಒಬ್ಬಳ ದುಃಖವನ್ನು ಅವಳಿಗೆ ತಿಳಿಸದೆ ಎತ್ತಿಟ್ಟುಕೊಳ್ಳುವುದು,” ಎಂದರು. ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿ, “ನನಗೆ ತಿಳಿದರೆ ನಾನು ಹೇಳುತ್ತೇನೆ. ಮಾತು ಕೊಡುತ್ತೇನೆ,” ಎಂದರು.

ಅವರಿಗೆ ಹೇಗೆ ತಿಳಿಯಬೇಕು, ಪಾಪ, ಎಂದು ನಾನು ಆಗ ನಕ್ಕೆ. ಆದರೂ ಒಂದು ಧೈರ್ಯ ಬಂತು.

ಆಮೇಲೆ ಆ ದಿನ ಬಂತು. ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಡಯಾಲಿಸಿಸ್‌ಗೆ ಹೋಗಿರಬೇಕು ಎಂದುಕೊಂಡು ಅಜ್ಜನ ಮನೆಗೆ ಹೋದೆ. ಬಾಗಿಲು ತೆರೆಯುವಷ್ಟರಲ್ಲಿ ಅವರು ಫೋನಿನಲ್ಲಿ ಯಾರ ಹತ್ತಿರವೋ ಮಾತು ಮುಗಿಸುತ್ತಿದ್ದರು. ನಾನು ಎಂದಿನಂತೆ ಚಹಾ ಮಾಡಿ ಬಗ್ಗಿಸಿ ಕೊಟ್ಟೆ, ಕುಡಿದರು. ನನ್ನ ಫೋನು ಸ್ವಲ್ಪ ಬೇಕು, ಹಳೆಯ ಫೋಟೋವೊಂದನ್ನು ದೊಡ್ಡದು ಮಾಡಿ ನೋಡಬೇಕು, ತಮ್ಮದರಲ್ಲಿ ಸರಿಯಾಗುತ್ತಿಲ್ಲ ಎಂದರು. ಕೊಟ್ಟೆ. ಅವರು ಅದನ್ನು ತಮ್ಮ ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಂಡರು. ಆ ದಿನ ಅವರು ಹೇಳಿ ಬರೆಸಿದ್ದು ಒಂದು ಹಳೆಯ ಸೇತುವೆಯ ಬಗ್ಗೆ. ಹೇಳಿದ್ದನ್ನೇ ಮತ್ತೆ ಹೇಳಿದರು. ನಿದ್ದೆ ಬಂದಿಲ್ಲವೇನೋ ಎಂದು ನಾನು ಸುಮ್ಮನಿದ್ದೆ.

ಮಧ್ಯಾಹ್ನದ ಹೊತ್ತಿಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ನನ್ನ ಗಂಡ. ವಾರದ ನಡುವೆ, ಆಫೀಸಿನ ಅಂಗಿಯಲ್ಲೇ ದುಬೈಯಿಂದ ಕಾರು ಓಡಿಸಿಕೊಂಡು ಬಂದಿದ್ದಾರೆ.

“ಎಂತ ಇಲ್ಲ ಮಾರಾಯ್ತಿ, ಹೆದರ್ಬೇಡ. ಅಮ್ಮನಿಗೆ ಸ್ವಲ್ಪ ಸೀರಿಯಸ್ ಅಂತೆ. ಟಿಕೆಟ್ ಆಗಿದೆ. ಯಲ್ಲಾ, ಹೊರಡುವ.”

“ಅಮ್ಮ ಉಂಟಾ, ಇಲ್ವಾ? ಅದೊಂದು ಹೇಳಿ.”

“ಅಯ್ಯೋ, ಎಂತ ಮಾತಾಡ್ತಿ ನೀನು? ಐಸಿಯುದಲ್ಲಿದ್ದಾರೆ. ನಿನ್ನನ್ನು ಕೇಳ್ತಾ ಇದ್ದಾರಂತೆ.”

“ನನ್ನ ಮೇಲೆ ಆಣೆ ಇಡಿ.”

“ಆಣೆ ಗೀಣೆ ಎಲ್ಲ ಎಂತಕ್ಕೆ ಈಗ? ಹೊರಡು ನೀನು, ಲೇಟಾಗ್ತದೆ.”

ಆಣೆ ಇಡಲಿಲ್ಲ. ಅಲ್ಲಿಗೇ ನನಗೆ ಅರ್ಥವಾಗಬೇಕಿತ್ತು, ಅರ್ಧ ಅರ್ಥವಾಗಿಯೂ ಇತ್ತು. ನಾನು ಅಜ್ಜನ ಕಡೆ ತಿರುಗಿದೆ. ಬಾಗಿಲು ತೆರೆಯುವಾಗ ಅವರು ಮಾತಾಡುತ್ತಿದ್ದ ಫೋನು, ಕುರ್ಚಿಯ ಪಕ್ಕದಲ್ಲಿದ್ದ ನನ್ನ ಫೋನು, ಎಲ್ಲ ಒಟ್ಟಿಗೆ ತಲೆಯಲ್ಲಿ ಸುತ್ತಿದವು. ಅವರ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅವರ ತೋಳು ಹಿಡಿದು ಕೇಳಿದೆ: “ಸರ್, ಇವರು ನಿಮಗೆ ಫೋನ್ ಮಾಡಿದ್ದರಾ? ನನ್ನ ಅಮ್ಮ ಹೋದಳಾ? ನೀವು ಸುಳ್ಳು ಹೇಳುವವರಲ್ಲ. ನೀವೇ ಹೇಳಿ.”

ಅಜ್ಜ ನನ್ನ ಕಡೆ ಮುಖ ಮಾಡಿದರು. “ಮಾಡಿದ್ದ. ನಿನ್ನ ತಾಯಿ ಬದುಕಿದ್ದಾರೆ. ನಿನ್ನನ್ನು ಕೇಳುತ್ತಿದ್ದಾರೆ. ಹೋಗು,” ಎಂದರು.

ಇಬ್ಬರು ಹೇಳಿದರು. ಅವರಲ್ಲಿ ಒಬ್ಬರು, ಒಂದು ಸಾಲಿಗಾಗಿ ಇಡೀ ಊರನ್ನೇ ಎದುರು ಹಾಕಿಕೊಂಡವರು. ಅವರಿಗೆ ಇದರಲ್ಲಿ ಗಿಟ್ಟುವುದು ಏನೂ ಇಲ್ಲ. ಇನ್ನೇನು ಬೇಕಿತ್ತು ನನಗೆ? ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು. ಅಮ್ಮ ಇದ್ದಾಳೆ!

ಆ ದಿನ ವಿಮಾನ ನಿಲ್ದಾಣದಲ್ಲಿ ನನ್ನನ್ನು ನೋಡಿದವರು ಇವಳು ಮದುವೆಗೆ ಹೊರಟಿದ್ದಾಳೆ ಎಂದುಕೊಂಡಿರಬೇಕು. ಅಷ್ಟು ಗಡಿಬಿಡಿ, ಅಷ್ಟು ಮಾತು. ನನ್ನ ಫೋನು ಚಾರ್ಜ್ ಇಲ್ಲದೆ ಸತ್ತಿದೆ ಎಂದು ಗಂಡ ಅದನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡಿದ್ದರು, ಅದರ ಮೇಲೂ ನನಗೆ ಅನುಮಾನ ಬರಲಿಲ್ಲ. ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ಒಂದು ಮಾಲ್‌ನಲ್ಲಿ ಇಳಿದು, ಡಯಾಲಿಸಿಸ್ ಮಾಡುವ ಕೈಗೆ ಬಿಗಿಯಾಗಬಾರದೆಂದು ಸಡಿಲ ತೋಳಿನ, ಮುಂದೆ ಗುಂಡಿ ಇರುವ ಹತ್ತಿಯ ನೈಟಿ ಹುಡುಕಿದೆ. ಬಣ್ಣ ಯಾವುದಾಗಬಹುದು ಎಂದು ಗಂಡನನ್ನು ಕೇಳಿದೆ. ಅವರು ಯಾವುದಾದರೂ ಆಗ್ತದೆ ಎಂದು ಮುಖ ತಿರುಗಿಸಿ, ಬಾತ್‌ರೂಮಿಗೆ ಹೋಗಿ ಬಂದರು. ಕಣ್ಣು ಕೆಂಪಾಗಿತ್ತು.

“ಎಂತಾಯ್ತು ನಿಮಗೆ?”

“ಏಸಿ. ಶೀತ ಹಿಡಿದಿದೆ.”

“ಶೀತ ಇಟ್ಕೊಂಡು ಐಸಿಯು ಒಳಗೆ ಬರ್ಬೇಡಿ ಮತ್ತೆ, ಅಮ್ಮನಿಗೆ ಇನ್‌ಫೆಕ್ಷನ್ ಆದ್ರೆ ಕಷ್ಟ. ಮಾಸ್ಕ್ ಹಾಕಿ,” ಎಂದು ಗದರಿದೆ. ಪಾಪದ ಮನುಷ್ಯ, ಜೇಬಿನಿಂದ ಮಾಸ್ಕ್ ತೆಗೆದು ಹಾಕಿಕೊಂಡರು.

ವಿಮಾನದಲ್ಲಿ ನನ್ನ ಪಕ್ಕ ಬಂಟ್ವಾಳ ಕಡೆಯ ಬ್ಯಾರಿ ಹೆಂಗಸೊಬ್ಬರು ಕೂತಿದ್ದರು. ಎಂತ ವಿಶೇಷ ಎಂದು ಅವರು ಕೇಳಿದ್ದಕ್ಕೆ, ಅಮ್ಮನಿಗೆ ಸ್ವಲ್ಪ ಸೀರಿಯಸ್, ಹುಷಾರಾಗ್ತಾರೆ ಎಂದೆ. ಅವರು ನನ್ನ ಗಂಡನ ಮುಖ ನೋಡಿದರು. ನನ್ನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು ಇಳಿಯುವ ತನಕ ಬಿಡಲಿಲ್ಲ. ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡೆ. ಅವರಿಗೂ ಗೊತ್ತಾಗಿತ್ತು ನೋಡಿ.

ಮಂಗಳೂರಿನಲ್ಲಿ ತಮ್ಮನ ಭಾವ ಕಾರು ತಂದಿದ್ದ. ನಾನು ಅಮ್ಮನಿಗೆ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದೆ. ಅಜ್ಜ ಒಲೆಯ ಪ್ರಶ್ನೆ ಕೇಳಿದ ಮೇಲೆ ನನಗೆ ಅವಳಿಗೆ ಹೇಳಬೇಕಾದ ಮಾತು ಬಹಳ ಇತ್ತು. ಜ್ವರ ಬಂದ ದಿನವೂ ನೀನೇ ಎದ್ದೆಯಲ್ಲ, ನಾನು ಮಲಗಿಕೊಂಡೇ ಇದ್ದೆನಲ್ಲ, ಈ ಸಲ ಬಂದು ನಾನು ನೋಡಿಕೊಳ್ಳುತ್ತೇನೆ ಎಂದೆಲ್ಲ. ಕಾರು ಹೆದ್ದಾರಿಯಲ್ಲಿ ಆಸ್ಪತ್ರೆಗೆ ತಿರುಗುವ ರಸ್ತೆಯ ಹತ್ತಿರ ಬಂತು. ತಿರುಗಲಿಲ್ಲ.

“ಏಯ್, ಆಸ್ಪತ್ರೆ ಆ ಕಡೆ! ರಸ್ತೆ ತಪ್ಪಿತು ನಿಮಗೆ!” ಎಂದೆ.

ಕಾರು ಮುಂದೆಯೇ ಹೋಯಿತು. “ತಿರುಗಿಸಿ ಅಂತ ಹೇಳಿದೆನಲ್ಲ!” ಎಂದು ಇನ್ನೊಮ್ಮೆ ಕೂಗಿದೆ. ಮುಂದಿನ ಸೀಟಿನಲ್ಲಿದ್ದ ನನ್ನ ಗಂಡನ ಹೆಗಲು ಅಲುಗುತ್ತಿತ್ತು. ಆಗ ಗೊತ್ತಾಯಿತು. ನನ್ನ ಮಡಿಲಲ್ಲಿ ಆ ನೈಟಿಯ ಚೀಲ ಇತ್ತು.

ಅಮ್ಮ ನಸುಕಿನಲ್ಲೇ ಹೋಗಿದ್ದಳು. ನಾನು ಫೋನ್ ಮಾಡಿ, ಎತ್ತಲಿಲ್ಲವಲ್ಲ ಎಂದು ಕಾಯುತ್ತಿದ್ದಾಗ ಅವಳು ಇರಲೇ ಇಲ್ಲ. ಯಾರಾದರೂ ‘ಓಂ ಶಾಂತಿ’ ಎಂದು ಹಾಕಿ ನನಗೆ ಗೊತ್ತಾಗಬಾರದೆಂದು ಕುಟುಂಬದ ವಾಟ್ಸ್ಯಾಪ್ ಗುಂಪಿನಿಂದ ನನ್ನನ್ನು ತೆಗೆದಿದ್ದರು. ಆದರೂ ಯಾರಾದರೂ ನೇರವಾಗಿ ಕಳಿಸಿಯಾರು ಎಂದು ಗಂಡ ಅಜ್ಜನಿಗೆ ಫೋನ್ ಮಾಡಿ, ನಾನು ಬರುವ ತನಕ ಅವಳ ಫೋನು ನಿಮ್ಮ ಹತ್ತಿರ ಇರಲಿ, ಏನೂ ಹೇಳಬೇಡಿ ಎಂದು ಬೇಡಿಕೊಂಡಿದ್ದರು. ಎಷ್ಟು ಸಿದ್ಧತೆ ನೋಡಿ! ನನ್ನ ಅಮ್ಮನ ಸಾವನ್ನು ನನ್ನಿಂದ ಬಚ್ಚಿಡಲು ಅಷ್ಟು ಜನ ಬೆಳಗಿನಿಂದ ದುಡಿದಿದ್ದರು.

ತಮ್ಮನ ಮೇಲೆ ಎಲ್ಲರೆದುರಿಗೇ ಹರಿಹಾಯ್ದೆ. “ಅಕ್ಕ, ವಿಮಾನದಲ್ಲಿ ನಿನಗೆ ಹೆಚ್ಚುಕಮ್ಮಿ ಆಗಿದ್ರೆ ನಾನೆಂತ ಮಾಡ್ಲಿಕ್ಕಿತ್ತು?” ಎಂದು ಅವನು ಅತ್ತ. ಗಂಡನ ಜೊತೆ ಹದಿಮೂರನೇ ದಿನದ ಕ್ರಿಯೆ ಮುಗಿಯುವ ತನಕ ಮಾತಾಡಲಿಲ್ಲ. ಆದರೆ ಇವರ ಮೇಲಿನ ಸಿಟ್ಟು ಹಳೆಯ ಸಿಟ್ಟು, ಇವರು ಹೀಗೇ ಎಂದು ಗೊತ್ತಿದ್ದ ಸಿಟ್ಟು. ಬಿಡದೆ ಕಾಡುತ್ತಿದ್ದದ್ದು ಬೇರೆ. ಆ ಅಜ್ಜ ನನಗೆ ಯಾಕೆ ಸುಳ್ಳು ಹೇಳಿದರು?

ಅಬುಧಾಬಿಗೆ ವಾಪಸು ಬಂದ ಮರುದಿನವೇ ಅವರ ಮನೆಗೆ ಹೋದೆ. ಮಗಳು ಶಾಲೆಗೆ ಹೋಗಿದ್ದಳು. ಅಜ್ಜ ಎದ್ದು ನಿಂತರು. ತಾಯಿಯ ಬಗ್ಗೆ ಏನೋ ಹೇಳಲು ಬಾಯಿ ತೆರೆದರು, ನಾನು ಬಿಡಲಿಲ್ಲ.

“ನಿಮಗೆ ಯಾವಾಗ ಗೊತ್ತಾಯಿತು?”

“ನೀನು ಚಹಾ ಬಗ್ಗಿಸುವ ಮೊದಲೇ.”

“ಗೊತ್ತಿದ್ದೂ ಕುಡಿದಿರಿ! ಸೇತುವೆಯ ಕತೆ ಬರೆಸಿದಿರಿ! ಕಳ್ಳತನ ಎಂದು ನೀವೇ ಅಂದವರಲ್ಲವೇ?” ಡಾಕ್ಟರು ಕಿರುಚಬೇಡ ಎಂದಿದ್ದ ಗಂಟಲಿನಿಂದ ಕಿರುಚಿದೆ. “ನಿಮ್ಮ ಮಾತು ನಂಬಿ ನಾನು ನಗುತ್ತಾ ಹೋದೆ ಸರ್. ಅಮ್ಮನಿಗಾಗಿ ಅಳುತ್ತಾ ಹೋಗಬೇಕಾದ ದಾರಿಯಲ್ಲಿ ನೈಟಿಯ ಬಣ್ಣ ಆರಿಸುತ್ತಾ ಹೋದೆ. ನನ್ನ ಗಂಡ ಒಬ್ಬರೇ ಹೇಳಿದ್ದರೆ ನಂಬುತ್ತಿರಲಿಲ್ಲ. ನೀವು ಹೇಳಿದಿರಿ ಎಂದು ನಂಬಿದೆ. ನನ್ನ ಮುಖ ನೋಡಿ ಹೇಳಿದಿರಿ!”

“ಇಲ್ಲ,” ಎಂದರು. “ನೇರ ನೋಡಿದರೆ ನನಗೆ ಏನೂ ಕಾಣುವುದಿಲ್ಲ. ಅದಕ್ಕೇ ನೇರ ನೋಡಿದೆ.”

ಅವರು ಕುರ್ಚಿಯ ಕೈ ತಡವಿ ಕೂತರು. ಆಮೇಲೆ ಹೇಳಿದರು, ನಾನು ಕೇಳದೆಯೇ.

ಅವರ ಹೆಂಡತಿಗೆ ಕ್ಯಾನ್ಸರ್ ಆಗಿತ್ತು. ಡಾಕ್ಟರುಗಳು ಅವಳಿಗೆ ಸುತ್ತಿ ಬಳಸಿ ಹೇಳುತ್ತಿದ್ದರು. ಒಂದು ದಿನ ಅವಳು ಇವರ ತೋಳು ಹಿಡಿದು ಕೇಳಿದಳಂತೆ: ‘ನನಗೆ ವಾಸಿಯಾಗುತ್ತದಾ? ನೀನು ಸುಳ್ಳು ಹೇಳುವವನಲ್ಲ. ನೀನೇ ಹೇಳು.’ ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ವಾಸಿಯಾಗುವುದಿಲ್ಲ, ಈ ಬೇಸಿಗೆ ನೀನು ಕಾಣುವುದಿಲ್ಲ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಅಲ್ಲಿಂದ ಕೊನೆಯವರೆಗೆ ನರ್ಸಿನ ಜೊತೆ ಮಾತಾಡಿದಳು, ಬೆಕ್ಕಿನ ಜೊತೆ ಮಾತಾಡಿದಳು, ಇವರ ಜೊತೆ ಒಂದು ಶಬ್ದ ಮಾತಾಡಲಿಲ್ಲ. ಮಗಳು ಆಗ ಇಲ್ಲೇ ಅಬುಧಾಬಿಯಲ್ಲಿದ್ದಳು, ವಿಮಾನ ಹತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ನೀನು ಅದೇ ಮಾತು ಕೇಳಿದೆ,” ಎಂದರು. “ತೋಳು ಹಿಡಿದು, ಅದೇ ಮಾತು.”

“ಹಾಗಾದರೆ ಆ ಸುಳ್ಳು ಅವರಿಗೆ ಹೇಳಬೇಕಿತ್ತು ಸರ್. ನನಗೆ ಯಾಕೆ ಹೇಳಿದಿರಿ?” ಎಂದು ಎದ್ದು ಬಂದೆ. ಲಿಫ್ಟಿನಲ್ಲಿ ಅಳು ಬಂತು, ಯಾರಿಗಾಗಿ ಎಂದು ಗೊತ್ತಾಗಲಿಲ್ಲ.

ಆ ಮನೆಗೆ ಮತ್ತೆ ಕಾಲಿಡಬಾರದು ಎಂದುಕೊಂಡಿದ್ದೆ. ಆದರೆ ಮನೆಯಲ್ಲಿ ಒಬ್ಬಳೇ ಕೂತರೆ ಅಮ್ಮನಿಗೆ ಫೋನ್ ಮಾಡಲಿಕ್ಕಿಲ್ಲದ ಬೆಳಿಗ್ಗೆ ತಿನ್ನಲು ಬರುತ್ತಿತ್ತು. ಮತ್ತೆ ಹೋದೆ. ಮೊದಲಿನ ಹಾಗಿರಲಿಲ್ಲ. ಅವರು ಹೇಳಿದ್ದನ್ನು ಟೈಪ್ ಮಾಡುತ್ತಿದ್ದೆ, ಪ್ರಶ್ನೆ ಕೇಳುತ್ತಿರಲಿಲ್ಲ. ಚಹಾ ಮಾಡುವುದನ್ನು ನಿಲ್ಲಿಸಿದ್ದೆ, ಅವರೂ ಕೇಳಲಿಲ್ಲ. ಪುಸ್ತಕ ಮುಂದೆ ಹೋಯಿತು. ಡಾಕ್ಟರರ ಗಲಾಟೆ ಆಯಿತು, ನಿವೃತ್ತಿ ಆಯಿತು, ಹೆಂಡತಿಯ ಕಾಯಿಲೆ ಬಂತು.

ಆ ದಿನ ಅವರು ಹಿಂದಿನ ಪುಟವನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಒಂದೇ ಉಸಿರಿಗೆ ಹೇಳಿದರು: “ನನ್ನ ಹೆಂಡತಿ ನೆಮ್ಮದಿಯಿಂದ ಹೋದಳು. ಕೊನೆಯ ದಿನದವರೆಗೂ ನಾವಿಬ್ಬರು ಮಾತಾಡುತ್ತಲೇ ಇದ್ದೆವು.”

ನನ್ನ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಏನಿದು ಎಂದು ಅವರ ಕಡೆ ನೋಡಿದೆ. ಮುಖ ಗೋಡೆಯ ಕಡೆ ಇತ್ತು, ನನ್ನನ್ನು ಚೆನ್ನಾಗಿಯೇ ನೋಡುತ್ತಿದ್ದರು.

“ಇದನ್ನು ನನ್ನ ಮಗಳು ಓದುತ್ತಾಳೆ,” ಎಂದರು. “ಟೈಪ್ ಮಾಡು.”

ಒಂದು ಸಾಲಿಗಾಗಿ ಊರನ್ನೇ ಎದುರು ಹಾಕಿಕೊಂಡ ಮನುಷ್ಯ. ಸರ್, ಇದನ್ನು ನಾನು ಟೈಪ್ ಮಾಡುವುದಿಲ್ಲ ಎಂದು ಹೇಳಬೇಕೆಂದು ಬಾಯಿವರೆಗೆ ಬಂತು. ನನಗಿಂತ ಹೆಚ್ಚು ಹಕ್ಕು ಇನ್ನಾರಿಗಿತ್ತು ಹೇಳಲು? ಆದರೆ ಅವರು ಕುರ್ಚಿಯ ಅಂಚಿಗೆ ಸರಿದು, ಕೀಬೋರ್ಡಿನ ಸದ್ದಿಗೆ ಕಿವಿಯಿಟ್ಟು ಕಾಯುತ್ತಿದ್ದರು. ಟೈಪ್ ಮಾಡಿದೆ. ಅವರು ಓದಿ ಹೇಳು ಎಂದರು, ಓದಿದೆ. ಸರಿ ಎಂದರು.

ಪುಸ್ತಕದ ಕರಡು ಪೂರ್ತಿಯಾಗಿ, ಮಗಳು ಅದನ್ನು ರಜೆಯಲ್ಲಿ ಕೂತು ಓದಿದಳು. ಒಂದು ಸಂಜೆ ನಾನು ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗಿನ ಕೋಣೆಯಲ್ಲಿ ಅಜ್ಜನ ರೇಡಿಯೋ ಸಣ್ಣಗೆ ಕೇಳುತ್ತಿತ್ತು. ಅವಳು ಆ ಹಾಳೆ ಹಿಡಿದುಕೊಂಡು ನನ್ನ ಹಿಂದೆಯೇ ಬಾಗಿಲ ತನಕ ಬಂದಳು. ಕಣ್ಣು ಊದಿಕೊಂಡಿತ್ತು.

“ಅಮ್ಮನ ಕೊನೆಯ ದಿನಗಳ ಬಗ್ಗೆ ಅಪ್ಪ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ,” ಎಂದಳು. “ಅವಳು ಒಬ್ಬಳೇ ನರಳಿದಳೇನೋ, ನಾನು ಇಲ್ಲಿ ಕೂತಿದ್ದೆನಲ್ಲ ಎಂದು ದಿನಾ ಅನ್ನಿಸುತ್ತಿತ್ತು. ಅಪ್ಪ ನಿಮಗೆ ಎಲ್ಲ ಹೇಳುತ್ತಾರೆ. ನಿಜ ಹೇಳಿ, ಅಮ್ಮ ಹೀಗೇ ಹೋದಳಾ?”

ಒಳಗೆ ರೇಡಿಯೋ ನಿಂತಿತು. ನಾನು ಅವಳ ಮುಖ ನೋಡಿದೆ. ಕಾರಿನಲ್ಲಿ ಆಸ್ಪತ್ರೆಯ ರಸ್ತೆ ದಾಟುವ ಮೊದಲು ನನ್ನ ಮುಖವೂ ಹೀಗೇ ಇದ್ದಿರಬೇಕು. ನನ್ನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

“ಹೌದು. ನನಗೂ ಹಾಗೇ ಹೇಳಿದ್ದಾರೆ,” ಎಂದೆ.

ಅವಳು ನನ್ನನ್ನು ತಬ್ಬಿಕೊಂಡು ಥ್ಯಾಂಕ್ಸ್ ಹೇಳಿದಳು.